ದಫೇದಾರನ ಪಥ್ಯ

ನಮ್ಮ ಮನೆಗೆ ಬರೋ ಕಷ್ಟಗಳಿಗೆ ಮಾನಮರ್ಯಾದೆ ಅನ್ನೋದೇ ಇಲ್ಲ. ಬೇರೆಯವರ ಮನೆ ಕಷ್ಟ ನೆಟ್ಟಗೆ ಮುಂಬಾಗಿಲಲ್ಲಿ ಬಂದು, ಅಳಿಸಿ, ಹೋಗುತ್ತೆ. ನಮ್ಮಲ್ಲಿ ಸರಿಯಾಗಿ ಅಳೋಣ ಅಂತ ಸೆರಗು ಕೈಗೆ ತಗೊಂಡ ಹೊತ್ತಿಗೇ ಏನಾದರೊಂದು ಎಡವಟ್ಟಾಗಿ ನಗು ಬಂದುಬಿಡುತ್ತೆ. ಯಜಮಾನ ಸತ್ತ ಮನೇಲಿ ಹಲ್ಲು ಕಿರೀತಾರೆ ಅಂತ ಬೀದಿಯವರು ಆಡಿಕೊಂಡರು. ಆಡಿಕೊಳ್ಳಲಿ, ಅವರ ಬಾಯಿ, ಅವರ ಚಪಲ.

ಇದು ತೊಂಬತ್ತರ ದಶಕದ ಶುರುವಿನ ಮಾತು. ನಮ್ಮ ಮನೆ ಶಿಡ್ಲಘಟ್ಟದಲ್ಲಿ. ನಾನು ಮೇಲೂರಿನ ಶಾಲೆಯಲ್ಲಿ ಟೀಚರು, ಇನ್ನೂ ಮದುವೆಯಾಗಿರಲಿಲ್ಲ. ಮನೆಯಲ್ಲಿ ನಾನು, ಅಮ್ಮ, ಮತ್ತೆ ಅಪ್ಪನ ಬೆಕ್ಕು. ಕಚೇರಿ ಜವಾನರು ಹಾಕ್ಕೊಳ್ಳೋ ಹಾಗೆ ಎದೆಯ ಮೇಲೆ ಅಡ್ಡಕ್ಕೆ ಬಿಳಿ ಪಟ್ಟಿ ಇದೆ ಅಂತ ಅಪ್ಪ ಅದಕ್ಕೆ ದಫೇದಾರ ಅಂತ ಹೆಸರಿಟ್ಟಿದ್ದರು.

ಅಪ್ಪ ಹಿಂದಿನ ವರ್ಷ ಸಕ್ಕರೆ ಕಾಯಿಲೆಯಲ್ಲಿ ಹೋದರು. ಮೊದಲು ಕಾಲಿನ ಬೆರಳು ಹೋಯಿತು, ಆಮೇಲೆ ಪಾದ, ಆಮೇಲೆ ಅವರು. ಕಾಲು ನೆಟ್ಟಗಿದ್ದಾಗ ನಾನು ಇನ್ಸುಲಿನ್ ಸೂಜಿ ಕುದಿಸಿ ತರೋದ್ರೊಳಗೆ ಹಿತ್ತಲ ಬಾಗಿಲಿಂದ ಜಾರಿಕೊಂಡು, ಬಸ್ ಸ್ಟ್ಯಾಂಡಿನ ಬೇಕರಿಯಲ್ಲಿ ಕೂತಿರೋರು. ಕೊನೆಗೆ ಅನ್ನವನ್ನೇ ಬಿಟ್ಟರು. ಅವರು ಬಿಟ್ಟರು ಅಂತ ಅಮ್ಮನೂ ಬಿಟ್ಟಳು. ನಮ್ಮಮ್ಮನದು ಒಂದು ಹಳೇ ಕಟ್ಟುಪಾಡು: ಹೊಸಲಿನ ಒಳಗೆ ಒಂದು ಜೀವ ಹಸಿದಿದ್ದರೆ ಅವಳು ತಟ್ಟೆ ಮುಂದೆ ಕೂರೋಳಲ್ಲ. ಈ ಕಟ್ಟುಪಾಡು ಬೆಕ್ಕಿಗೂ ಅನ್ವಯಿಸುತ್ತೆ ಅಂತ ನನಗೆ ಗೊತ್ತಿರಲಿಲ್ಲ.

೧. ಇರುವೆ ಕೊಟ್ಟ ರಿಪೋರ್ಟು

ದಫೇದಾರ ಸೊರಗಿಹೋಗಿದ್ದ. ಬಚ್ಚಲಿನ ಬಕೆಟ್ಟಿಗೇ ಬಾಯಿ ಹಾಕಿ ನೀರು ಕುಡಿಯೋನು. ಅಪ್ಪನಿಗಾಗಿ ಕೊರಗುತ್ತಾನೆ ಅಂದುಕೊಂಡೆವು. ಒಂದು ಬೆಳಗ್ಗೆ ಅಮ್ಮ ಬಚ್ಚಲಿನಿಂದ ಕೂಗಿದಳು. ಅವನು ಉಚ್ಚೆ ಹೊಯ್ಯೋ ಬೂದಿ ತಟ್ಟೆಗೆ ಗೋಡೆಯಿಂದ ಇರುವೆ ಸಾಲು ಹಿಡಿದಿತ್ತು. ಅಪ್ಪನ ಕಾಯಿಲೆಯೂ ಮೊದಲು ಇರುವೆಗೆ ಗೊತ್ತಾಗಿದ್ದು, ಆಮೇಲೆ ಡಾಕ್ಟರಿಗೆ.

ಅಪ್ಪನ ಯಾವ ಸಾಮಾನನ್ನೂ ಅವಳು ಬಿಸಾಕಿರಲಿಲ್ಲ. ಉಚ್ಚೆ ಪರೀಕ್ಷೆ ಮಾಡೋ ನೀಲಿ ದ್ರಾವಣ, ಗಾಜಿನ ನಳಿಕೆ, ಸ್ಪಿರಿಟ್ ದೀಪ, ಎಲ್ಲ ಗೂಡಿನಲ್ಲೇ ಇದ್ದವು. ಬೂದಿ ಚೆಲ್ಲಿ ಬರೀ ತಟ್ಟೆ ಇಟ್ಟು, ಅರ್ಧ ದಿನ ಕಾದು, ಸಿಕ್ಕಷ್ಟು ಹನಿ ಬಿಟ್ಟು ಕಾಯಿಸಿದೆ. ನೀಲಿ ಹಸಿರಾಯಿತು, ಹಳದಿಯಾಯಿತು, ಕೊನೆಗೆ ಇಟ್ಟಿಗೆ ಕೆಂಪಾಗಿ ನಿಂತಿತು. ಅಂದರೆ ಸಕ್ಕರೆ ತುಂಬಿ ತುಳುಕುತ್ತಿದೆ ಅಂತ.

ಅಮ್ಮ ನಳಿಕೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ ಅಂದಳು: "ನಿಮ್ಮಪ್ಪಂದು ಯುಗಾದಿ ಮಾರನೇ ದಿನ ಹಿಂಗೇ ಬರ್ತಿತ್ತು ಕಣೇ. ಇದು ಯಾರ ಮನೇಲಿ ಹೋಳಿಗೆ ತಿಂದು ಬಂತೋ!"

೨. ಗೊಟ್ಟ

ರೇಷ್ಮೆಗೂಡು ತುಂಬೋ ಬುಟ್ಟಿಯಲ್ಲಿ ದಫೇದಾರನನ್ನು ಮಲಗಿಸಿ, ಮೇಲೆ ಅಪ್ಪನ ಪಂಚೆ ಕಟ್ಟಿ, ದನದಾಸ್ಪತ್ರೆಗೆ ಹೋದೆ. ನನ್ನ ಮುಂದೆ ನಾಲ್ಕು ಹಸು, ಒಂದು ಎಮ್ಮೆ. ಎಮ್ಮೆಯವನು ಬುಟ್ಟಿ ಇಣುಕಿ ನೋಡಿ, "ಎಷ್ಟು ಹಾಲು ಕೊಡುತ್ತಮ್ಮ?" ಅಂದ. ಅಳು ನುಂಗಿಕೊಂಡು ನಿಂತಿದ್ದೆ, ಇಲ್ಲದಿದ್ದರೆ ಅವತ್ತು ಅವನಿಗೆ ಗ್ರಹಚಾರ ಬಿಡಿಸಿಬಿಡ್ತಿದ್ದೆ.

ಡಾಕ್ಟರು ಒಳ್ಳೆಯವರು. "ಬೆಕ್ಕಿಗೆ ಸಕ್ಕರೆ ಕಾಯಿಲೆ ಪುಸ್ತಕದಲ್ಲಿ ಓದಿದ್ದೆ ಕಣಮ್ಮ, ಕಣ್ಣಲ್ಲಿ ಇವತ್ತೇ ನೋಡಿದ್ದು" ಅಂದರು. ಒಂದು ತುಂಡು ಕಾಗದದಲ್ಲಿ ಇನ್ಸುಲಿನ್ ಬರೆದುಕೊಟ್ಟು, ಒಂದು ಮಾತು ಎರಡು ಸಲ ಹೇಳಿದರು. "ಮೊದಲು ತಿನ್ನಬೇಕು, ಆಮೇಲೆ ಸೂಜಿ. ತಿನ್ನದೆ ಚುಚ್ಚಿದರೆ ಸಕ್ಕರೆ ಇಳಿದು ಸಾಯುತ್ತೆ. ಚುಚ್ಚದೆ ಬಿಟ್ಟರೆ ಸಕ್ಕರೆ ಏರಿ ಸಾಯುತ್ತೆ. ಹೇಗಾದರೂ ತಿನ್ನಿಸಿ."

"ತಿನ್ನಲ್ಲ ಅಂದ್ರೆ ಏನು ಮಾಡೋದು ಸಾರ್?"

ಕಾಂಪೌಂಡರು ಹುರುಪಿನಿಂದ, "ಗೊಟ್ಟ ಹಾಕಣ!" ಅಂತ ಒಳಗೆ ಓಡಿದ. ಗೊಟ್ಟ ಅಂದರೆ ದನದ ಬಾಯಿಗೆ ಔಷಧ ಹುಯ್ಯೋ ಬಿದಿರಿನ ಕೊಳವೆ. ತಂದ. ನನ್ನ ತೋಳಿನಷ್ಟು ದಪ್ಪ ಇತ್ತು. ಡಾಕ್ಟರು ಒಮ್ಮೆ ಗೊಟ್ಟ ನೋಡಿದರು, ಒಮ್ಮೆ ಬೆಕ್ಕು ನೋಡಿದರು.

"ಇದನ್ನ ಬೆಕ್ಕಿನೊಳಗೆ ಇಡೋದೋ, ಬೆಕ್ಕನ್ನ ಇದರೊಳಗೆ ಇಡೋದೋ, ಅದು ಹೇಳಪ್ಪ ಮೊದಲು" ಅಂದರು.

೩. ಆರು ವರ್ಷದ ಪೇಷೆಂಟು

ನಮ್ಮೂರಲ್ಲಿ ಇನ್ಸುಲಿನ್ ಸಿಗದೆ ಚಿಂತಾಮಣಿಗೆ ಬಸ್ಸು ಹತ್ತಿದೆ. ಮೆಡಿಕಲ್ ಶಾಪಿನ ಯಜಮಾನರು ಕನ್ನಡಕ ಏರಿಸಿ, "ಪೇಷೆಂಟಿಗೆ ಎಷ್ಟಮ್ಮ ವಯಸ್ಸು?" ಅಂದರು.

"ಆರು."

ಅವರ ಮುಖ ಸಣ್ಣಗಾಯಿತು. "ಅಯ್ಯೋ ದೇವರೇ! ಆರು ವರ್ಷಕ್ಕೇ! ಊಟ ಮಾಡುತ್ತಾ?"

"ಅದೇ ಸಾರ್ ಕಷ್ಟ. ಎರಡು ದಿನದಿಂದ ಏನೂ ಮುಟ್ಟಿಲ್ಲ" ಅಂದೆ. ಅಂದವಳೇ ಗಳಗಳ ಅತ್ತುಬಿಟ್ಟೆ. ಬೆಕ್ಕು ಅಂತ ಹೇಳಬೇಕು ಅಂದುಕೊಂಡೆ. ಆದರೆ ಬೆಕ್ಕಿಗೋಸ್ಕರ ನಡುಬೀದಿಯಲ್ಲಿ ಅಳೋಳು ಅನ್ನಿಸಿಕೊಳ್ಳೋಕೆ ನಾಚಿಕೆಯಾಯಿತು.

"ಸ್ಕೂಲಿಗೆ ಹೋಗುತ್ತಾ?"

"ಇಲ್ಲ ಸಾರ್. ಮೊದಲು ಇಡೀ ದಿನ ಕಾಂಪೌಂಡ್ ಮೇಲೇ ಇರೋದು. ಈಗ ಏಳೋದೂ ಇಲ್ಲ."

"ಮಗೂನ ತಂದೆ?"

"ಯಾರು ಅಂತ ಗೊತ್ತಿಲ್ಲ ಸಾರ್" ಅಂದೆ. ನಿಜ ತಾನೇ ಹೇಳಿದ್ದು! ಅವರು ಔಷಧದ ಜೊತೆಗೆ, ಸಕ್ಕರೆ ಇಳಿದರೆ ಬಾಯಿಗೆ ಹಾಕೋಕೆ ಅಂತ ಒಂದು ಗ್ಲೂಕೋಸ್ ಪೊಟ್ಟಣ ಸುಮ್ಮನೆ ಕೊಟ್ಟು, "ಧೈರ್ಯವಾಗಿರಮ್ಮ" ಅಂದರು.

ಆ ಭಾನುವಾರ ಗೌರಿಬಿದನೂರಿನಿಂದ ಗಂಡಿನ ಕಡೆಯವರು ನನ್ನನ್ನು ನೋಡೋಕೆ ಬರಬೇಕಿತ್ತು. ಬರಲಿಲ್ಲ. ಬಿಲ್ಲಿಗೆ ನನ್ನ ಹೆಸರು, ಊರು ಬರೆಸಿಕೊಂಡಿದ್ದ ಮೆಡಿಕಲ್ ಶಾಪಿನವರು ಅವರಿಗೆ ದೂರದ ನೆಂಟರಂತೆ. ಗಂಡಿನ ತಾಯಿ ದಲ್ಲಾಳಿ ಕೈಲಿ ಹೇಳಿ ಕಳಿಸಿದ್ದರು: "ಮಗು ಇರೋದು ಬೇಕಾದ್ರೆ ಹೊಟ್ಟೆಗೆ ಹಾಕ್ಕೊಳ್ತೀವಿ. ಆದರೆ ವಂಶದಲ್ಲಿ ಸಕ್ಕರೆ ಕಾಯಿಲೆ ಇದೆಯಲ್ಲ!"

೪. ಪಥ್ಯದ ಚೀಟಿ

ಸಂಬಂಧ ಮುರಿದಿದ್ದು ಅಮ್ಮನ ಕಿವಿಗೇ ಬೀಳಲಿಲ್ಲ. ದಫೇದಾರ ಅಪ್ಪನ ಕುರ್ಚಿ ಕೆಳಗೆ, ಅವರ ಪಂಚೆ ಮೇಲೆ, ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಿದ್ದ. ದಿನಕ್ಕೆ ಎರಡು ಸಲ ನಾಲಗೆ ಒದ್ದೆ ಮಾಡಿಕೊಂಡರೆ ಹೆಚ್ಚು. ಅಮ್ಮನೂ ಬರೀ ಕಾಫಿಯಲ್ಲೇ ಜೀವ ಹಿಡಿದಿದ್ದಳು. ಬೈದೆ, ಕೈ ಮುಗಿದೆ, ತಟ್ಟೆ ಕುಕ್ಕಿದೆ. "ಅದು ಒಂದು ತುತ್ತು ತಿನ್ನಲಿ, ನಾನೂ ತಿಂತೀನಿ" ಅಂತ ಒಂದೇ ಹಟ. ಅಪ್ಪನನ್ನು ಕಳಕೊಂಡು ಇನ್ನೂ ವರ್ಷ ಸರಿಯಾಗಿ ತುಂಬಿಲ್ಲ. ಈ ಬೆಕ್ಕಿನ ಹಿಂದೆ ಅಮ್ಮನೂ ಹೊರಟುಬಿಡ್ತಾಳೆ ಅಂತ ನನಗೆ ನಿಜವಾಗಲೂ ಭಯ ಹತ್ತಿತ್ತು.

ಅಡುಗೆಮನೆ ಗೋಡೆಯ ಮೇಲೆ ಅಪ್ಪನಿಗೆ ಆಸ್ಪತ್ರೆಯವರು ಬರೆದುಕೊಟ್ಟಿದ್ದ ಪಥ್ಯದ ಚೀಟಿ ಇನ್ನೂ ಅಂಟಿಕೊಂಡಿತ್ತು. ಅನ್ನ ಬೇಡ, ಹಾಲು ಬೇಡ, ತುಪ್ಪ ಬೇಡ, ಬಾಡು ಬೇಡ. ಮುದ್ದೆ, ಮೆಂತ್ಯದ ಸೊಪ್ಪು, ಹಾಗಲಕಾಯಿ ಒಳ್ಳೆಯದು. ನಳಿಕೆ ಕೆಂಪಾದ ದಿನದಿಂದಲೇ ಅಮ್ಮ ದಫೇದಾರನಿಗೆ ಅದನ್ನೇ ಅಕ್ಷರ ಬಿಡದೆ ನಡೆಸಿದಳು. ಕಾಯಿಲೆ ಒಂದೇ ಅಂದಮೇಲೆ ಪಥ್ಯವೂ ಒಂದೇ ಅಲ್ಲವೇ? ನನಗೂ ಸರಿ ಅನ್ನಿಸಿತು. ಅಷ್ಟು ಓದಿದ್ದೆ ನಾನು!

ಪಕ್ಕದ ಮನೆ ಅಜ್ಜಿ ಬಂದು, "ಅಯ್ಯೋ ಪಾಪಂ, ಪಿಲ್ಲಿಕಿ ಕೂಡಾ ಷುಗರಾ?" ಅಂತ ತೆಲುಗಿನಲ್ಲಿ ಮರುಗಿ, ಬೆಕ್ಕಿಗೂ ಸಕ್ಕರೆ ಕಾಯಿಲೆಯಾ ಅಂತ ಕೆನ್ನೆಗೆ ಕೈ ಇಟ್ಟುಕೊಂಡು, ತಾನೇ ಒಂದು ಹಾಗಲಕಾಯಿ ಪಲ್ಯ ಮಾಡಿ ತಂದಳು. ಅಮ್ಮ ನಿಂಬೆಹಣ್ಣಿನ ಗಾತ್ರಕ್ಕೆ ಒಂದು ಮುದ್ದೆ ಕಟ್ಟಿ, ಪಲ್ಯದಲ್ಲಿ ಉರುಳಿಸಿ, ಮೂತಿಯ ಹತ್ತಿರ ಇಟ್ಟಳು. ದಫೇದಾರ ಎದ್ದ. ನಾವು ಮೂವರೂ ಮುಂದಕ್ಕೆ ಬಗ್ಗಿದೆವು. ಮೂಸಿ ನೋಡಿದ. ಆಮೇಲೆ ಮುಂಗಾಲು ಚಾಚಿ, ತಾನು ಕಕ್ಕಸು ಮಾಡಿದ ಮೇಲೆ ಬೂದಿ ಎಳೆದು ಮುಚ್ಚುತ್ತಾನಲ್ಲ, ಥೇಟ್ ಹಾಗೇ ನೆಲ ಕೆರೆದು ಕೆರೆದು ಪಂಚೆಯ ತುದಿಯನ್ನು ಮುದ್ದೆಯ ಮೇಲೆ ಮುಚ್ಚಿ ಹೋಗಿ ಮಲಗಿದ.

ಅಮ್ಮನ ಕಣ್ಣಲ್ಲಿ ನೀರು. "ಮೂವತ್ತು ವರ್ಷ ನನ್ನ ಮುದ್ದೆ ತಿಂದ್ರು ನಿಮ್ಮಪ್ಪ. ಬೈದಿರಬಹುದು. ಹಿಂಗೆ ಮಾತ್ರ ಮಾಡಿರಲಿಲ್ಲ."

೫. ಎಡೆ

ಹಿರಿಯರ ಹಬ್ಬ ಬಂತು. ಅಪ್ಪನಿಗೆ ಮೊದಲ ಎಡೆ. ಇಡೋಕೆ ಮಂಚೇನಹಳ್ಳಿಯಿಂದ ಚಿಕ್ಕಪ್ಪ ಬಂದರು. ಅಪ್ಪ ಹೋದ ಮೇಲೆ ನಮ್ಮನೆಯಲ್ಲಿ ಬಾಡು ಬೇಯಿಸಿರಲಿಲ್ಲ. ಎಡೆಗೆ ಸತ್ತವರು ಇಷ್ಟಪಟ್ಟಿದ್ದೆಲ್ಲ ಆಗಬೇಕು. ಐದು ದಿನದ ಉಪವಾಸದ ಕೈ ನಡುಗುತ್ತಿದ್ದರೂ ಅಮ್ಮ ಕುರಿ ಲಿವರ್ ಹುರಿದಳು, ಕೈಮಾ ಮಾಡಿದಳು, ಕಜ್ಜಾಯ ಸುಟ್ಟಳು. ಕಜ್ಜಾಯ ಅಂದರೆ ಅಪ್ಪನಿಗೆ ಪ್ರಾಣ. ಅದೇ ಪ್ರಾಣ ತೆಗೆದಿದ್ದೂ ಹೌದು.

ಅಪ್ಪನ ಫೋಟೋ ಮುಂದೆ ಎಲೆ ಹಾಕಿ, ಎಲ್ಲ ಬಡಿಸಿ, ಧೂಪ ಹಾಕಿ, ಬಾಗಿಲು ಮುಚ್ಚಿ ನಾವೆಲ್ಲ ಜಗಲಿಗೆ ಬಂದು ಕೂತೆವು. ಹಿರಿಯರು ಬಂದು ಉಣ್ಣೋ ಹೊತ್ತು ಅದು, ಬದುಕಿರೋರು ನೋಡಬಾರದು.

ಸ್ವಲ್ಪ ಹೊತ್ತಾಗಿತ್ತು. ಒಳಗೆ ಎಲೆ ಸರಿದ ಸದ್ದು. ಆಮೇಲೆ ಚಪಚಪ ಅಂತ ಯಾರೋ ಉಣ್ಣುವ ಸದ್ದು. ಚಿಕ್ಕಪ್ಪನ ಮುಖ ಬಿಳಿಚಿಕೊಂಡಿತು. "ಅತ್ತಿಗೆ... ಅಣ್ಣ!" ಅಂತ ಎದ್ದು ನಿಂತು ಕೈ ಮುಗಿದರು.

ನನಗೆ ಫಕ್ಕನೆ ಹೊಳೆಯಿತು. ಕುರ್ಚಿ ಕೆಳಗೆ ಮಲಗಿದ್ದವನನ್ನು ಯಾರೂ ಹೊರಗೆ ತಂದಿರಲಿಲ್ಲ. "ಅಮ್ಮಾ, ದಫೇದಾರ!"

"ಅಯ್ಯೋ ಅಪಚಾರ! ಹಿರಿಯರ ಎಡೆಗೆ ಬೆಕ್ಕು ಬಾಯಿ ಹಾಕ್ತಲ್ಲ, ಬಾಗಿಲು ತೆಗೀರಿ!" ಅಂತ ಚಿಕ್ಕಪ್ಪ ನುಗ್ಗಿದರು.

ಅಮ್ಮ ಎಲ್ಲಿತ್ತೋ ಶಕ್ತಿ, ಬಾಗಿಲಿಗೆ ಬೆನ್ನು ಕೊಟ್ಟು ಎರಡೂ ಕೈ ಅಡ್ಡ ಹಾಕಿದಳು. "ಯಾರೂ ಮುಟ್ಟಬೇಡಿ! ಉಣ್ಣೋಕೆ ಕೂತೋರನ್ನ ಎಬ್ಬಿಸಬಾರದು." ಒಳಗಿನ ಚಪಚಪ ಕೇಳುತ್ತಾ ಅವಳು ಅಳುತ್ತಿದ್ದಳು. ನಾನೂ ಅತ್ತೆ.

ಸದ್ದು ನಿಂತ ಮೇಲೆ ಅಮ್ಮ ಪದ್ಧತಿಯಂತೆ ಮೂರು ಸಲ ಕೆಮ್ಮಿ ಬಾಗಿಲು ತೆಗೆದಳು. ಲಿವರ್ ಇಲ್ಲ. ಕೈಮಾ ಇಲ್ಲ. ಮುದ್ದೆ ಹಾಗೇ ಇತ್ತು. ಅಪ್ಪನ ಫೋಟೋ ಕೆಳಗೆ ದಫೇದಾರ ಕೂತು ಮೀಸೆ ಒರೆಸಿಕೊಳ್ಳುತ್ತಿದ್ದ. ನಾಲ್ಕು ಕಜ್ಜಾಯ ಇಟ್ಟಿದ್ದೆವು, ನಾಲ್ಕೂ ಅಲ್ಲೇ ಇದ್ದವು.

ಅಮ್ಮ ಕಜ್ಜಾಯವನ್ನೇ ನೋಡಿದಳು. ಆಮೇಲೆ ಫೋಟೋ ನೋಡಿದಳು. "ನೋಡೇ! ಸಿಹಿ ಮುಟ್ಟಿಲ್ಲ! ಇಪ್ಪತ್ತು ವರ್ಷ ನಾನು ಬಾಯಿ ಬಡ್ಕೊಂಡೆ, ಡಾಕ್ಟ್ರು ಬಾಯಿ ಬಡ್ಕೊಂಡ್ರು, ಕೇಳ್ಲಿಲ್ಲ. ಸತ್ತ ಮೇಲಾದ್ರೂ ಬುದ್ಧಿ ಬಂತಲ್ಲ ಈ ಮನುಷ್ಯನಿಗೆ!"

ಅಂದವಳೇ ಆ ಎಲೆ ಮುಂದೆಯೇ ಚಕ್ಕಳಮಕ್ಕಳ ಹಾಕಿ ಕೂತು, ಒಂದು ಕಜ್ಜಾಯ ಮುರಿದು ಬಾಯಿಗಿಟ್ಟಳು. ಐದು ದಿನದ ಮೇಲೆ ಮೊದಲ ತುತ್ತು. ನಾನು ಬಾಗಿಲಲ್ಲಿ ನಿಂತು ಅವಳು ಅಗಿಯೋದನ್ನೇ ನೋಡುತ್ತಿದ್ದೆ.

"ಏನೇ ಕಂಬದ ಹಂಗೆ ನಿಂತಿದ್ದೀಯ?" ಅಂದಳು ಬಾಯಿ ತುಂಬ ಕಜ್ಜಾಯ ಇಟ್ಟುಕೊಂಡು. "ಊಟ ಮುಗಿಸಿದ್ದಾರೆ, ಹೋಗಿ ಸೂಜಿ ತಗೊಂಡ್ಬಾ. ಹಿತ್ತಲ ಬಾಗಿಲೂ ಹಾಕ್ಬಿಡು, ಮತ್ತೆ ಜಾರ್ಕೊಂಡಾರು."