ಯಾವ ಲೈನು ಸ್ವಾಮಿ?

ಕೈಲಾಂಚದ ಕಡೆ ನಾನು ಲೈನ್‌ಮನ್. ಕಂಬ ಹತ್ತೋಕೆ ನನಗೆ ಭಯವಿಲ್ಲ. ಭಯ ಇರೋದು 'ಲೈನ್' ಅನ್ನೋ ಪದದ್ದು. ಅದನ್ನು ಯಾರು ಅಂದರೂ ಸರಿ, ಅವರು ಹೇಳಿದ್ದೊಂದು, ನಾನು ತಿಳಿದದ್ದೊಂದು, ಕೊನೆಗೆ ಆದದ್ದು ಮತ್ತೊಂದು.

ಬಿದ್ದ ಲೈನು

ಒಂದು ಮಧ್ಯಾಹ್ನ ಹಿಪ್ಪುನೇರಳೆ ತೋಟದಿಂದ ಒಬ್ಬ ಹೆಂಗಸು ಫೋನ್ ಮಾಡಿದರು. "ಅಣ್ಣಾ, ತೋಟದಾಗೆ ಲೈನ್ ಬಿದ್ದೋಗೈತೆ, ಬೇಗ ಬಾ!"

ಕರೆಂಟ್ ತಂತಿ ಅಂದುಕೊಂಡೆ. "ಯಾರೂ ಹತ್ರ ಹೋಗ್ಬೇಡಿ!" ಎಂದು ಕೂಗಿ, ಸುತ್ತಲ ಊರಿಗೆಲ್ಲಾ ಕರೆಂಟ್ ತೆಗೆಸಿ, ಬೈಕ್ ಹಾರಿಸಿಕೊಂಡು ಹೋದೆ. ನೋಡಿದರೆ ಆಕೆ ಅದರ ಮೇಲೆಯೇ ಕಾಲಿಟ್ಟು ನಿಂತಿದ್ದಾರೆ. ಅದು ನೀರಿನ ಪೈಪ್‌ಲೈನು!

"ಅಮ್ಮಾ, ಇದಕ್ಕೆ ನೀರಿನವನನ್ನ ಕರೀಬೇಕಲ್ವಾ?"

"ಮೊದ್ಲು ಅವನ್ಗೇ ಮಾಡ್ದೆ ಕಣಣ್ಣಾ. ಫೋನಾಗೆ ಯಾವಳೋ 'ಲೈನ್ ಬಿಜಿ ಐತೆ' ಅಂದ್ಬುಟ್ಲು. ಲೈನ್ ವಿಷ್ಯಕ್ಕೆ ಲೈನ್‌ಮನ್ನೇ ಸರಿ ಅಂತ ನಿಂಗೆ ಮಾಡ್ದೆ."

ಅಸಲಿ ಲೈನ್‌ಮನ್

ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವ ಸಾಹೇಬರ ಮನೆಗೆ ಮೀಟರ್ ನೋಡೋಕೆ ಹೋಗಿದ್ದೆ. ಅವರ ಮಗಳಿಗೆ ಪಾಠ ಹೇಳುತ್ತಿದ್ದ ಇಂಗ್ಲಿಷ್ ಮೇಷ್ಟ್ರ ಹತ್ತಿರ ನನ್ನ ಗೋಳು ತೋಡಿಕೊಂಡೆ.

"ಅದರ ಮೂಲ ಬಹಳ ಸುಲಭ," ಎಂದರು ಮೇಷ್ಟ್ರು. "ಹಿಂದೆ ಅಗಸೆ ನಾರಿನ ದಾರಕ್ಕೆ ಲೈನ್ ಅನ್ನೋರು. ದಾರ ಎಳೆದು ಹಿಡಿದರೆ ಗೆರೆ, ಗೆರೆಯಲ್ಲಿ ಜನ ನಿಂತರೆ ಸಾಲು. ಆಮೇಲೆ ತಂತಿ, ಫೋನು, ರೈಲು ಎಲ್ಲಾ ಅದೇ ಹೆಸರು ಹಿಡ್ಕೊಂಡ್ವು."

ಸಾಹೇಬರು ಕೈಯಲ್ಲಿದ್ದ ಎಳೆ ನೋಡಿದರು, ನನ್ನ ಮುಖ ನೋಡಿದರು. "ಅಂದ್ರೆ ದಿನಾ ದಾರ ಎಳೆಯೋ ನಾನೇ ಲೈನ್‌ಮನ್. ಇವ್ರು ಯಾರು ಮತ್ತೆ?"

"ನಾನು ಕರೆಂಟ್ ಕಟ್ ಮಾಡೋನು," ಎಂದೆ.

"ಹಂಗಾದ್ರೆ ನೀವು ಕಟ್ಟಿಂಗ್ ಮಾಸ್ಟರ್!" ಎಂದರು ಸಾಹೇಬರು.

ಹೆಣ್ಣು ನೋಡಲು ಹೋದದ್ದು

ಇದಕ್ಕೂ ಮುಂಚಿನ ಮಾತು. ಬೈರಾಪಟ್ಟಣಕ್ಕೆ ಭಾವನ ಜೊತೆ ಹೆಣ್ಣು ನೋಡೋಕೆ ಹೋಗಿದ್ದೆ. ಹುಡುಗಿಯನ್ನು ನೋಡಿದ ಕೂಡಲೇ ಇವಳೇ ಆಗಬೇಕು ಅನಿಸಿತ್ತು. ಅವಳು ಒಳಗೆ ಹೋದ ಮೇಲೆ ಅವಳ ಅಜ್ಜಿ ಕೇಳಿದರು, "ಹುಡ್ಗ ಏನ್ ಮಾಡ್ತಾನೆ?"

ಭಾವ ಎದೆಯುಬ್ಬಿಸಿ ಹೇಳಿದ, "ಲೈನು! ಊರೂರು ಸುತ್ತುತಾನೆ. ಒಂದು ಮನೇನೂ ಬುಟ್ಟಿಲ್ಲ, ಎಲ್ಲಾ ಕಡೆ ಇವನ್ದೇ ಲೈನು!"

ಅಜ್ಜಿ ನನ್ನ ಮುಂದಿದ್ದ ಉಪ್ಪಿಟ್ಟಿನ ತಟ್ಟೆ ಎತ್ತಿಕೊಂಡರು. "ಲೈನ್ ಹೊಡಿಯೋನ್ಗೆ ನಮ್ ಹುಡ್ಗೀನಾ? ಏಳ್ರಪ್ಪಾ ಮೇಲೆ!"

ನಾನು ಗಡಬಡಿಸಿ ಹೇಳಿದೆ, "ಹಂಗಲ್ಲ ಅಜ್ಜಿ! ಮುಟ್ಟಿದ್ರೆ ಜುಮ್ ಅಂತದಲ್ಲಾ, ಆ ಲೈನು!"

"ಮುಟ್ಟೋದೂ ಉಂಟಾ?"

ಭಾವ ಚಪ್ಪಲಿ ಹುಡುಕತೊಡಗಿದ. ಅಷ್ಟರಲ್ಲಿ ಒಳಗಿನಿಂದ ಹುಡುಗಿ ನಗು ತಡೆಯಲಾಗದೆ ಕೂಗಿದಳು, "ಅಜ್ಜೀ, ಕರೆಂಟಿನೋರು ಕಣಜ್ಜಿ!"

ತಟ್ಟೆ ವಾಪಸ್ ಬಂತು. ಮದುವೆಯೂ ಆಯಿತು. ಆದರೆ ಅಜ್ಜಿಗೆ ಎಷ್ಟು ಅರ್ಥವಾಗಿತ್ತೋ ಕಾಣೆ. ಛತ್ರದ ಬಾಗಿಲಲ್ಲಿ ನಿಂತು ಬಂದವರಿಗೆಲ್ಲಾ ಹೆಮ್ಮೆಯಿಂದ ಹೇಳುತ್ತಿದ್ದರು:

"ನಮ್ ಮೊಮ್ಮಗಳ ಗಂಡ ಊರ್ಗೆಲ್ಲಾ ಲೈನ್ ಹೊಡೀತಾನೆ. ಅದ್ಕೆ ಸಂಬಳಾನೂ ಕೊಡ್ತಾರಂತೆ!"