ಮೆದುನೀರು ಕುಡಿದ ಬಿದಿರು

ಎಂಥ ಸಾಧು ಮನುಷ್ಯನಿಗೂ ಯಾವುದೋ ಒಂದು ವಿಷಯ ಇರುತ್ತದೆ, ಅದರಲ್ಲಿ ಮಾತ್ರ ಅವನು ಇನ್ನೊಬ್ಬರ ಮಾತು ಕೇಳುವುದಿಲ್ಲ. ನಮ್ಮ ಮಾವನವರಿಗೆ ಅದು ಎತ್ತಿನ ಹಲ್ಲು. ನನ್ನ ತಮ್ಮನಿಗೆ ರೈಲಿನ ಟೈಮು. ನನಗೆ ನೀರು. ಅಂಗಿಯ ಗುಂಡಿ ಮೇಲೆ ಕೆಳಗೆ ಹಾಕಿದ್ದೀರಿ ಅನ್ನಿ, ಬಿಚ್ಚಿ ಸರಿಯಾಗಿ ಹಾಕುತ್ತೇನೆ. ಲೆಕ್ಕ ಬರುವುದಿಲ್ಲ ಅನ್ನಿ, ನಗುತ್ತೇನೆ. ಆದರೆ ನೀರಿನ ಬಗ್ಗೆ ನನಗೆ ಬುದ್ಧಿ ಹೇಳಲು ಬಂದರೆ ಕಿವಿ ಬಿಸಿಯಾಗುತ್ತದೆ. ಆ ಬಿಸಿ ಕಿವಿಯಿಂದಾಗಿ ಅಹಮದಾಬಾದಿನಲ್ಲಿ ಪಕ್ಕದ ಮನೆಯ ಮುದುಕಿಯ ಮುಂದೆ ಅಪರಾಧಿಯ ಹಾಗೆ ನಿಲ್ಲಬೇಕಾಯಿತು. ಅದನ್ನೇ ಹೇಳುತ್ತೇನೆ.

ಈ ಗರ್ವಕ್ಕೆ ಕಾರಣ ಇಲ್ಲದಿಲ್ಲ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು. ದಾವಣಗೆರೆಯ ಮಿಲ್ಲೊಂದರ ಬಾಯ್ಲರ್ ಮನೆಯಲ್ಲಿ ಕಲ್ಲಿದ್ದಲು ಎತ್ತಿ ಹಾಕುವುದರಿಂದ ಶುರುಮಾಡಿ, ಉರಿ ನೋಡಿ ಕಲಿತು, ಬೈಸಿಕೊಂಡು ಕಲಿತು, ಕೊನೆಗೆ ಬಾಯ್ಲರ್ ಅಟೆಂಡೆಂಟ್ ಸರ್ಟಿಫಿಕೇಟು ಸಂಪಾದಿಸಿದೆ. ಅದಕ್ಕೆ ಕಟ್ಟು ಹಾಕಿಸಿ ದೇವರ ಫೋಟೊದ ಪಕ್ಕಕ್ಕೇ ತೂಗುಹಾಕಿದೆ. ನನ್ನ ಹೆಂಡತಿ ಗಿರಿಜಾ ಊದುಬತ್ತಿ ಬೆಳಗುವಾಗ ಅದರ ಮುಂದೆಯೂ ಒಂದು ಸುತ್ತು ಬರಲಿ ಅಂತ ನನಗೆ ಒಳಗೊಳಗೇ ಆಸೆ. ಅವಳ ಕೈ ಸರಿಯಾಗಿ ದೇವರ ಕಟ್ಟಿನ ಅಂಚಿಗೆ ನಿಂತುಬಿಡುತ್ತಿತ್ತು.

ಮಿಲ್ಲು ಮುಚ್ಚಿದ ಮೇಲೆ ಅಹಮದಾಬಾದಿನ ವಟ್ವಾದಲ್ಲಿ ಬಣ್ಣದ ಫ್ಯಾಕ್ಟರಿಯೊಂದರ ಬಾಯ್ಲರ್ ನನ್ನ ಪಾಲಿಗೆ ಬಂತು. ಅಲ್ಲಿಯ ಬೋರ್‌ವೆಲ್ ನೀರು ಅಂದರೆ ಕರಗಿದ ಕಲ್ಲು. ಕುದಿಸಿದರೆ ಸುಣ್ಣವೆಲ್ಲ ಕೆಳಗೆ ಕೂತು ಬಾಯ್ಲರಿನ ಕೊಳವೆಗಳಲ್ಲಿ ಪದರ ಪದರವಾಗಿ ಗಟ್ಟಿಯಾಗುತ್ತದೆ. ವರ್ಷಕ್ಕೊಮ್ಮೆ ಒಳಗೆ ತೂರಿ ಅದನ್ನು ಕೆರೆಯುವವನಿಗೇ ಗೊತ್ತು ಆ ಸುಖ. ಅದಕ್ಕೇ ನೀರನ್ನು ಮೊದಲು ಮೆದು ಮಾಡುವ ಟ್ಯಾಂಕು ಒಂದಿತ್ತು. ಅದಕ್ಕೆ ಆಗಾಗ ಮೂಟೆಗಟ್ಟಲೆ ಉಪ್ಪು ಸುರಿದು ತೊಳೆಯಬೇಕು. ಆಮೇಲೆ ಗಾಜಿನ ಬಟ್ಟಲಲ್ಲಿ ನೀರು ಹಿಡಿದು ಎರಡು ಹನಿ ಔಷಧಿ ಬಿಟ್ಟರೆ ನೀಲಿಯಾಗಬೇಕು, ದ್ರಾಕ್ಷಿ ಬಣ್ಣಕ್ಕೆ ಬಂದರೆ ಗಡಸು. ಡಿಗ್ರಿ ಮಾಡಿದ ಕೆಮಿಸ್ಟುಗಳೇ ಬಂದು, "ರುದ್ರಪ್ಪಭಾಯ್, ಇವತ್ತು ನೀರು ಹೇಗಿದೆ?" ಎಂದು ಕೇಳುತ್ತಿದ್ದರು. ಏಳನೇ ಕ್ಲಾಸಿನವನಿಗೆ ಇದಕ್ಕಿಂತ ಇನ್ನೇನು ಬೇಕು?

ನಮ್ಮ ಪಕ್ಕದ ಮನೆಯಲ್ಲಿ ಹಂಸಾಬೆನ್ ಒಬ್ಬರೇ ಇದ್ದರು. ಜೈನರು. ಬೆಳಿಗ್ಗೆ ಎದ್ದವರೇ ದಿನದ ನೀರನ್ನೆಲ್ಲ ಕುದಿಸಿ, ಅಗಲವಾದ ಪರಾತಕ್ಕೆ ಸುರಿದು ಆರಿಸಿ, ಬಟ್ಟೆಯಲ್ಲಿ ಸೋಸಿ ಮಡಕೆಗೆ ತುಂಬುತ್ತಿದ್ದರು. ಕುಡಿಯುವುದು ಅದನ್ನೇ. ಅವರ ಮಗ ಸೂರತ್‌ನಲ್ಲಿ ವಜ್ರಕ್ಕೆ ಪಾಲಿಶ್ ಹಾಕುವವನು. ಒಂದು ದೀಪಾವಳಿಗೆ ಅಮ್ಮನಿಗೆ ಲಕ್ಕಿ ಬ್ಯಾಂಬೂ ತಂದುಕೊಟ್ಟ. ಆಗಿನ್ನೂ ಅದು ಹೊಸದು, ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಗಾಜಿನ ಬಟ್ಟಲು, ಅದರಲ್ಲಿ ಬಿಳಿ ಕಲ್ಲು, ಕೆಂಪು ರಿಬ್ಬನ್ ಕಟ್ಟಿದ ಗೇಣುದ್ದದ ಮೂರು ಹಸಿರು ಕಡ್ಡಿ. ಮಣ್ಣಿಲ್ಲ, ಗೊಬ್ಬರವಿಲ್ಲ, ಬರೀ ನೀರು. ಇಡೀ ಮಹಡಿಯವರು ಬಂದು ನೋಡಿ ಹೋದರು. ಹಂಸಾಬೆನ್ ಮೂರು ಕಡ್ಡಿಗೂ ಹೆಸರಿಟ್ಟಿದ್ದರು. ಒಂದು ತಾವು, ಒಂದು ಮಗ, ಮೂರನೆಯದು ಸೊಸೆ.

ಸೊಸೆ ಬಸುರಿಯಾದಳು. ಅವಳಿಗೆ ತವರಿನಲ್ಲಿ ತಾಯಿ ಇರಲಿಲ್ಲ. ಹೆರಿಗೆ ಬಾಣಂತನಕ್ಕೆಂದು ಹಂಸಾಬೆನ್ನೇ ಸೂರತ್‌ಗೆ ಹೊರಟರು. ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ನಮ್ಮ ಬಾಗಿಲಿಗೆ ಬಂದರು.

"ಭಾಯ್, ಮೂರು ತಿಂಗಳು ನೋಡಿಕೊಳ್ಳಿ. ಮೂರನೆಯದರಲ್ಲಿ ಚಿಗುರು ಬಂದಿದೆ, ಕಂಡಿರಾ? ಅದು ಬಾಡಿದರೆ ನನಗೆ ಅನ್ನ ಇಳಿಯುವುದಿಲ್ಲ. ಬಿಸಿಲಿಗೆ ಇಡಬೇಡಿ. ಆಮೇಲೆ ನೀರು ಮಾತ್ರ..."

"ಬೆನ್," ಎಂದೆ ನಾನು, ಕೈ ಎತ್ತಿ. "ನೀರಿನ ವಿಷಯ ನನಗೆ ಬಿಡಿ."

ಅವರು ಗಿರಿಜಾಳ ಮುಖ ನೋಡಿದರು. ಗಿರಿಜಾ ಸೂರು ನೋಡಿದಳು.

ಮರುದಿನದಿಂದ ಐದು ಲೀಟರಿನ ಬಿಳಿ ಕ್ಯಾನಿನಲ್ಲಿ ಫ್ಯಾಕ್ಟರಿಯ ಮೆದುನೀರು ಮನೆಗೆ ಬರತೊಡಗಿತು. ಪರೀಕ್ಷೆ ಮಾಡಿ, ನೀಲಿ ಬಂದ ಮೇಲೇ ತುಂಬುತ್ತಿದ್ದೆ. ಪಾನನಿರೋಧ ಇರುವ ರಾಜ್ಯದಲ್ಲಿ ದಿನಾ ಸಂಜೆ ಬಿಳಿ ಕ್ಯಾನು ತಬ್ಬಿಕೊಂಡು ಬಸ್ಸು ಹತ್ತುವವನನ್ನು ಜನ ಹೇಗೆ ನೋಡುತ್ತಾರೆ, ನೀವೇ ಊಹಿಸಿ. ಮೂರನೇ ದಿನ ಕಂಡಕ್ಟರು ಮುಚ್ಚಳ ತೆಗೆದು ಮೂಸಿಯೇ ಬಿಟ್ಟ. "ಬರೀ ನೀರು!" ಎಂದು ಬೇಸರದಿಂದ ವಾಪಸ್ಸು ಕೊಟ್ಟ. ಹಿಂದಿನ ಸೀಟಿನ ಇಬ್ಬರಿಗೆ ಅವನಿಗಿಂತ ಹೆಚ್ಚು ಬೇಸರವಾಯಿತು.

ಹದಿನೈದು ದಿನಕ್ಕೆ ಎಲೆಗಳ ತುದಿ ಕಂದಿತು. ನೀರು ಸಾಲದೇನೋ ಎಂದು ಎರಡು ದಿನಕ್ಕೊಮ್ಮೆ ಬದಲಿಸುತ್ತಿದ್ದವನು ದಿನಾ ಬದಲಿಸತೊಡಗಿದೆ. ಕಂದು ಇನ್ನಷ್ಟು ಒಳಕ್ಕೆ ನಡೆಯಿತು. ಗಿರಿಜಾ ಅಡುಗೆಮನೆಯಿಂದಲೇ ಕೇಳಿದಳು:

"ಏನ್ರೀ, ನಿಮ್ಮ ಟ್ಯಾಂಕಿಗೆ ಮೂಟೆ ಮೂಟೆ ಉಪ್ಪು ಸುರೀತೀನಿ ಅಂತೀರಲ್ಲ, ಉಪ್ಪಿನ ನೀರು ಯಾವ ಗಿಡ ಕುಡೀತೈತಿ?"

"ಉಪ್ಪು ತೊಳೆದು ಹೋಗಿರುತ್ತೆ ಕಣೇ. ಬಾಯ್ಲರೇ ಕುಡಿಯುತ್ತೆ ಈ ನೀರನ್ನ!"

"ಬಾಯ್ಲರು ಚಿಗುರ್ತೈತೇನು? ಹಂಸಾಬೆನ್ ನನಗೆ ಹೇಳಿ ಹೋಗ್ಯಾರ, ನೀರು..."

"ಇಪ್ಪತ್ತೆರಡು ವರ್ಷದಿಂದ ನೀರು ನೋಡ್ತಿದೀನಿ. ನನಗೆ ಹೇಳ್ತೀಯಾ?"

"ಇಲ್ಲಪ್ಪ," ಎಂದಳು ಗಿರಿಜಾ. ಅವಳು 'ಇಲ್ಲಪ್ಪ' ಅಂದಾಗ ಹೆದರಬೇಕು ಅನ್ನುವುದು ನನಗೆ ಆಗಿನ್ನೂ ಪೂರ್ತಿ ಗೊತ್ತಿರಲಿಲ್ಲ.

ಪ್ರತಿ ಭಾನುವಾರ ಕೆಳಗಿನ ಮನೆ ಮಾಲೀಕರ ಫೋನಿಗೆ ಸೂರತ್‌ನಿಂದ ಕರೆ ಬರುತ್ತಿತ್ತು. ಮೊದಲು ಆಶೀರ್ವಾದ, ಆಮೇಲೆ ನೇರ ಪ್ರಶ್ನೆ: "ಮೂವರೂ ಹೇಗಿದ್ದಾರೆ?" ನಾನು "ಮಜಾಮಾ, ಬೆನ್, ಮಜಾಮಾ", ಅಂದರೆ ಆರಾಮ, ಎನ್ನುತ್ತಿದ್ದೆ. ಗುಜರಾತಿನಲ್ಲಿ ಜ್ವರದಲ್ಲಿ ಮಲಗಿದವನೂ ಹಾಗೇ ಅನ್ನುವುದು. ಆದರೆ ಅಷ್ಟು ಹೊತ್ತಿಗೆ ಮೂರನೆಯ ಕಡ್ಡಿ ಬುಡದಿಂದ ಹಳದಿಯಾಗಿತ್ತು. ಹೆರಿಗೆಯ ದಿನ ಹತ್ತಿರ ಬಂದಿತ್ತು. ಗಿಡಕ್ಕೂ ಗರ್ಭಕ್ಕೂ ಏನು ಸಂಬಂಧ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಪ್ರೆಷರ್ ಗೇಜಿನ ಮುಳ್ಳು ನೋಡುವಾಗಲೂ ಕಣ್ಣ ಮುಂದೆ ಆ ಹಳದಿಯೇ. ನಾನೇನೂ ಶಕುನ ನಂಬುವವನಲ್ಲ. ಆದರೆ ಅವರು ನಂಬುತ್ತಿದ್ದರು, ನಂಬಿ ನನ್ನ ಕೈಗೆ ಕೊಟ್ಟು ಹೋಗಿದ್ದರು. ಒಂದು ಬೆಳಿಗ್ಗೆ ಕಡ್ಡಿ ಮುಟ್ಟಿದರೆ ಬುಡ ಮೆತ್ತಗೆ ಕುಸಿಯಿತು. ಪೇಪರಿನಲ್ಲಿ ಸುತ್ತಿ ಕಸದ ಬುಟ್ಟಿಗೆ ಹಾಕಿ, ತಿಂಡಿ ತಿನ್ನದೆ ಕೆಲಸಕ್ಕೆ ಹೋದೆ.

ಆಶ್ಚರ್ಯ ಎಂದರೆ ಉಳಿದೆರಡು ಅದೇ ವಾರದಿಂದ ಚೇತರಿಸಿಕೊಂಡವು. "ನೋಡಿದ್ಯಾ? ಒಗ್ಗೋಕೆ ಟೈಮ್ ಬೇಕಿತ್ತು ಅಷ್ಟೇ," ಎಂದೆ. ಗಿರಿಜಾ ಈ ಸಲ "ಹೌದಪ್ಪ" ಎಂದಳು.

ಹಂಸಾಬೆನ್ ಬಂದರು, ಕೈಯಲ್ಲಿ ಪೇಡೆಯ ಡಬ್ಬಿ. ಮೊಮ್ಮಗಳು ಹುಟ್ಟಿದ್ದಳು, ತಾಯಿ ಮಗು ಕ್ಷೇಮ. ನನ್ನ ಎದೆಯಿಂದ ಒಂದು ಭಾರ ಇಳಿಯಿತು, ಇನ್ನೊಂದು ಹಾಗೇ ಇತ್ತು. ಎರಡು ಕಡ್ಡಿಯ ಬಟ್ಟಲು ಹಿಡಿದು ನಿಂತು, "ಬೆನ್, ನನ್ನಿಂದ ತಪ್ಪಾಯಿತು" ಎಂದೆ. ಅವರು ಕಡ್ಡಿ ಎಣಿಸಿದರು. ಮತ್ತೊಮ್ಮೆ ಎಣಿಸಿದರು. ಮುಖ ಸಣ್ಣದಾಯಿತು. ಪೇಡೆಯ ಡಬ್ಬಿ ಕೊಡುವುದೋ ಬೇಡವೋ ಎಂಬಂತೆ ನಡುವೆಯೇ ನಿಂತಿತು.

ಆಗ ಗಿರಿಜಾ ಒಳಗಿನಿಂದ ಒಂದು ಸ್ಟೀಲ್ ಲೋಟ ತಂದಳು. ಉಪ್ಪಿನಕಾಯಿ ಭರಣಿಯ ಹಿಂದೆ ಇಟ್ಟಿದ್ದಳಂತೆ. ಅದರಲ್ಲಿ ನಾಲ್ಕು ಬೆರಳುದ್ದದ ಹಸಿರು ತುಂಡು, ಬುಡದಲ್ಲಿ ಕೇಸರಿ ಬಣ್ಣದ ಎಳೆ ಬೇರು, ನೆತ್ತಿಯಲ್ಲಿ ಅದೇ ಚಿಗುರು. ಕಸದ ಬುಟ್ಟಿಯಿಂದ ತೆಗೆದು ಹಳದಿ ಭಾಗ ಕತ್ತರಿಸಿ ಉಳಿಸಿದ್ದಳು.

"ನೀರು?" ಎಂದರು ಹಂಸಾಬೆನ್.

"ನೀವು ಹೇಳಿದ ಹಾಗೇ ಬೆನ್. ಕುದಿಸಿ ಆರಿಸಿದ್ದು."

ಆಮೇಲೆ ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದಳು: "ಅವತ್ತಿನಿಂದ ಬಟ್ಟಲಿಗೂ ಅದನ್ನೇ ಹಾಕೀನಿ. ನೀವು ಸುರಿದು ಸ್ನಾನಕ್ಕೆ ಹೋದ ಮ್ಯಾಲೆ ಬದಲಿಸ್ತಿದ್ದೆ. ನಿಮ್ಮ ನೀರು ದಂಡ ಮಾಡಿಲ್ಲ ಬಿಡ್ರಿ, ಬಟ್ಟೆ ಒಗ್ದೀನಿ. ಸೋಪು ಭಾಳ ಚಲೋ ನೊರೆ ಬರ್ತೈತಿ."

ಕುದಿಸಿದರೆ ಸುಣ್ಣ ಕೆಳಗೆ ಕೂರುತ್ತದೆ ಎನ್ನುವುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಇಪ್ಪತ್ತೆರಡು ವರ್ಷ ಅದನ್ನೇ ಕೆರೆದಿದ್ದೆ. ನಮ್ಮ ಟ್ಯಾಂಕು ಸುಣ್ಣ ತೆಗೆದು ಆ ಜಾಗಕ್ಕೆ ಉಪ್ಪಿನ ಅಂಶ ಬಿಡುತ್ತದೆ ಅನ್ನುವುದೂ ಗೊತ್ತಿತ್ತು. ದಿನಕ್ಕೆ ಟನ್ನುಗಟ್ಟಲೆ ನೀರು ಕುದಿಸುವವನಿಗೆ ಒಂದು ಲೋಟ ಕುದಿಸಬೇಕು ಅನ್ನುವುದು ಹೊಳೆಯಲಿಲ್ಲ. ಹಂಸಾಬೆನ್ ಲೋಟವನ್ನು ಕಣ್ಣಿಗೆ ಒತ್ತಿಕೊಂಡು, ಮೊದಲ ಪೇಡೆ ಗಿರಿಜಾಳ ಬಾಯಿಗೆ ಇಟ್ಟರು. ನನಗೂ ಕೊಟ್ಟರು, ಸ್ವಲ್ಪ ಹೊತ್ತಾದ ಮೇಲೆ.

ಈಗ ನಾವು ದಾವಣಗೆರೆಗೆ ವಾಪಸ್ಸು ಬಂದು ಎಷ್ಟೋ ವರ್ಷವಾಯಿತು. ಹೊರಡುವ ದಿನ ಹಂಸಾಬೆನ್ ಆ ಮೂರನೆಯದರಿಂದಲೇ ಒಂದು ತುಂಡು ಕತ್ತರಿಸಿ ಗಿರಿಜಾಳಿಗೆ ಕೊಟ್ಟಿದ್ದರು. ಅವರು ಈಗಿಲ್ಲ, ಆ ತುಂಡು ನಮ್ಮ ಕಿಟಕಿಯಲ್ಲಿ ಆಳೆತ್ತರ ಬೆಳೆದಿದೆ. ಅದರ ನೀರು ಕುದಿಸುವ ಕೆಲಸ ನನ್ನದು. ವಟ್ವಾದ ಆ ಮಹಡಿ, ಬೆಳಗಿನ ಪರಾತದಿಂದ ಏಳುತ್ತಿದ್ದ ಹಬೆ, ಆ ಬಸ್ಸು ಎಲ್ಲ ಆ ಹೊತ್ತಿನಲ್ಲಿ ನೆನಪಾಗುತ್ತವೆ. ಮೊನ್ನೆ ಯಾರೋ ನೆಂಟರು ಗಿಡ ನೋಡಿ, "ಇದರ ಗುಟ್ಟೇನು?" ಎಂದರು. ಕೇಳಿದ್ದೇ ಸಾಕು, ಗಡಸುನೀರು, ಮೆದುನೀರು, ಸುಣ್ಣ, ಉಪ್ಪು ಎಲ್ಲ ಬಿಡಿಸಿ ಹೇಳುತ್ತ ಕೂತೆ. ಅಡುಗೆಮನೆಯಿಂದ ಸುಟ್ಟ ವಾಸನೆ ಬಂತು. ಗಿಡಕ್ಕೆಂದು ನಾನು ಒಲೆಯ ಮೇಲೆ ಇಟ್ಟು ಮರೆತಿದ್ದ ನೀರಿನ ಪಾತ್ರೆ ಕಪ್ಪಾಗಿತ್ತು; ಗಿರಿಜಾ ಅದನ್ನು ಇಕ್ಕಳದಲ್ಲಿ ಹಿಡಿದು ಬಂದು, ನಮ್ಮೆಲ್ಲರ ನಡುವೆ ಇಟ್ಟು ಹೋದಳು. ನೀರು ಪೂರ್ತಿ ಬತ್ತಿತ್ತು. ಬಾಯ್ಲರಿನಲ್ಲಿ ನೀರು ಬತ್ತಲು ಬಿಟ್ಟವನ ಸರ್ಟಿಫಿಕೇಟು ಕಿತ್ತುಕೊಳ್ಳುತ್ತಾರೆ. ಗೋಡೆ ನೋಡಿದೆ. ಕಟ್ಟು ಹಾಕಿಸಿದ್ದು ಇನ್ನೂ ದೇವರ ಪಕ್ಕದಲ್ಲೇ ಇತ್ತು. ಎದ್ದು, ಬಂದವರಿಗೆ ಅದು ಕಾಣದ ಹಾಗೆ ಸ್ವಲ್ಪ ಅಡ್ಡ ನಿಂತುಕೊಂಡೆ.