ಚಾದರದ ಟೆಂಡರೂ ನನ್ನ ಚರ್ಚಾಪಟುತ್ವವೂ

ಚರ್ಚಾಸ್ಪರ್ಧೆಯಲ್ಲಿ ಗೆದ್ದ ಕಪ್‌ಗಳಿಂದ ನನ್ನ ಕಪಾಟು ತುಂಬಿತ್ತು. ಹೀಗಾಗಿ ಬನಹಟ್ಟಿಯ ಕಾಕಾನ ಟೆಂಡರಿಗೆ ಗಂಡಾಂತರ ಬಂದಾಗ, ಅದನ್ನು ಉಳಿಸುವ ಹೊಣೆ ನನ್ನದೆಂದು ಯಾರೂ ಹೇಳದೆಯೇ ನನಗೆ ತಿಳಿಯಿತು.

ಸರಕಾರಿ ಹಾಸ್ಟೆಲುಗಳಿಗೆ ಚಾದರ ಪೂರೈಸುವ ಟೆಂಡರು ಕಾಕಾನಿಗೆ ಆಗಿತ್ತು. ಸೋತ ಮಹಾಲಿಂಗಪುರದ ವ್ಯಾಪಾರಿ, ‘ಇವರ ಚಾದರ ಗಿಡ್ಡ’ ಎಂದು ಬಾಗಲಕೋಟೆಯಲ್ಲಿ ಮೇಲ್ಮನವಿ ಹಾಕಿದರು. ಕಾಕಾ ಆಗಲೇ ಅರ್ಧ ಮಾಲು ನೇಯಿಸಿದ್ದ. ಅಂಚಿನಲ್ಲಿ ‘ವಿದ್ಯಾರ್ಥಿ ನಿಲಯ’ ಎಂಬ ಅಕ್ಷರ ಸಹಿತ! ಟೆಂಡರು ರದ್ದಾದರೆ ಅದನ್ನು ಯಾವ ಗೃಹಸ್ಥ ಹೊದ್ದಾನು?

ಟೆಂಡರು ಕೊಟ್ಟ ಕಚೇರಿಯ ಮ್ಯಾನೇಜರು ಧೈರ್ಯ ಹೇಳಿದರು: “ನಮ್ಮ ತೀರ್ಮಾನ ನಾವು ಸಮರ್ಥಸ್ಕೋತೀವ್ರಿ. ನೀವು ಮಾದರಿ ಚಾದರ ತರ್ರಿ, ಕೇಳಿದ್ದಕ್ಕಷ್ಟ ಉತ್ತರ ಹೇಳ್ರಿ. ಸಾಕು.”

“ಕೇಳಿದ್ದಕ್ಕಷ್ಟ ಹೇಳಿದ್ರ ಅದೇನ್ ವಾದ ಆತು ಕಾಕಾ?” ಎಂದೆ.

“ಸುಮ್ಮ ಕುಂದ್ರತಿದ್ರ ಬಾ ಬೇ.”

ವಿಚಾರಣೆಯ ದಿನ ಮೇಲ್ಮನವಿ ಕೇಳುವ ಸಾಹೇಬರು, “ಟೆಂಡರ್ ಆದವ್ರು ಏನರ ಹೇಳೂದೈತೇನ್ರಿ?” ಎಂದದ್ದೇ ತಡ, ಕಾಕಾ ಬಾಯಿ ತೆರೆಯುವ ಮೊದಲೇ ಎದ್ದೆ. ಎದುರಾಳಿಯ ವಾದವನ್ನು ಮೊದಲು ಅವರಿಗಿಂತ ಚೆನ್ನಾಗಿ ಮಂಡಿಸಬೇಕು, ಆಮೇಲೆ ಪುಡಿಗಟ್ಟಬೇಕು. ಕಪ್ ತರುವ ವಿದ್ಯೆಯೇ ಅದು!

“ಮಾನ್ಯರೇ, ಚಾದರ ಗಿಡ್ಡವೆಂದೇ ಇಟ್ಟುಕೊಳ್ಳೋಣ. ತಲೆ ಮುಚ್ಚಿದರೆ ಕಾಲು ಹೊರಗೆ! ಕಾಲು ಮುಚ್ಚಿದರೆ ತಲೆ ಹೊರಗೆ! ಬೆಳೆಯುವ ಮಕ್ಕಳನ್ನು ಚಳಿಗೆ ಒಪ್ಪಿಸುವ ಇಂಥ ಟೆಂಡರು ನ್ಯಾಯದೆದುರು ನಿಂತೀತೇ?”

ಮಹಾಲಿಂಗಪುರದವರು ಕಣ್ಣೊರೆಸಿಕೊಂಡರು. ಕಾಕಾ ನನ್ನ ದುಪಟ್ಟಾ ಜಗ್ಗಿದ.

“ಆದರೆ...” ಎಂದು ಪುಡಿಗಟ್ಟಲು ಕೈ ಎತ್ತಿದೆ.

ಟಣ್!

ಚಹಾ ತರಿಸಲು ಸಾಹೇಬರು ಮೇಜಿನ ಗಂಟೆ ಒತ್ತಿದ್ದರು. ಸ್ಪರ್ಧೆಯಲ್ಲಿ ಗಂಟೆಯಾದ ಮೇಲೆ ಮಾತಾಡಿದರೆ ಅಂಕ ಹೋಗುತ್ತದೆ! “ಅವಕಾಶಕ್ಕಾಗಿ ವಂದನೆಗಳು” ಎಂದು ಕೈಮುಗಿದು ಕುಳಿತೇಬಿಟ್ಟೆ.

ಸಾಹೇಬರು ಕನ್ನಡಕ ತೆಗೆದರು. “ತಂಗಿ, ನೀವು ಯಾರ ಕಡೆಯವ್ರು?”

“ನಮ್ಮ ಅಣ್ಣನ ಮಗಳ್ರಿ,” ಎಂದ ಕಾಕಾ, ಕಳವು ಒಪ್ಪಿಕೊಳ್ಳುವವನ ದನಿಯಲ್ಲಿ.

ಮ್ಯಾನೇಜರು ಕಾಕಾನ ಚೀಲದಿಂದ ಚಾದರ ತೆಗೆದು ಮೇಜಿನ ಮೇಲೆ ಹಾಸಿ ಟೇಪು ಹಿಡಿದರು. ಅಳತೆ ಸರಿ ಇತ್ತು. ಟೆಂಡರು ಉಳಿಯಿತು. ನನ್ನ ಹೊರತಾಗಿಯೂ!

ಹೊರಗೆ ವ್ಯಾಪಾರಿ ಹತ್ತಿರ ಬಂದರು. “ನನ್ನ ವಾದ ನನಗ ಇಷ್ಟ ಛಲೋ ಹೇಳಾಕ ಬರಲಿಲ್ಲ ನೋಡವಾ. ಮುಂದಿನ ಸಲ ನಮ್ಮ ಕಡೆ ಬರ್ತಿಯೇನ?”

ನಾನು ಉಬ್ಬಿ ಕಾಕಾನತ್ತ ನೋಡಿದೆ. ಅವನು ಚಾದರ ಮಡಚುತ್ತ ಹೇಳಿದ:

“ಹೋಗ್ ಬೇ, ಅವಶ್ಯ ಹೋಗು! ಅಲ್ಲೆ ಮೊದಲು ನಮ್ಮ ವಾದ ಹೇಳ್ತಿ. ಗಂಟಿ ಹೊಡಿಯೂದು ನನಗ ಬಿಡು.”